ಪ್ರೇಕ್ಷಕನ ತೀರ್ಪು

ಚಲನಚಿತ್ರವೊಂದನ್ನು ನೋಡಿದವನು ಮಂದಿರದ ಮೆಟ್ಟಿಲಿಳಿಯುವಷ್ಟರಲ್ಲಿಯೇ ತನ್ನ ತೀರ್ಪನ್ನು ಹೇಳಿಬಿಡುತ್ತಾನೆ. ಬಹಳ ಚೆನ್ನಾಗಿದೆ ಎಂದೋ, ಹಣ ದಂಡವಾಯಿತೆಂದೋ, ಎರಡು ಮಾತಿನಲ್ಲಿ ಮುಗಿಯುವ ತೀರ್ಪು ಅದು. ಹಲವರು ತಿಂಗಳುಗಟ್ಟಲೆ ದುಡಿದು ಮಾಡಿದ ಕೃತಿಯನ್ನು ಹೀಗೆ ಎಲೆಯಡಿಕೆ ಮೆಲ್ಲುತ್ತ ತೂಗಿಬಿಡುವುದು ನ್ಯಾಯವೆ ಎಂದು ಬಲ್ಲವರು ಆಕ್ಷೇಪಿಸುವುದುಂಟು. ಆ ಆಕ್ಷೇಪಣೆಯಲ್ಲಿ ಸತ್ಯವಿದೆ, ಬಹಳವಾಗಿ ಇಲ್ಲ.

ಭರತಮುನಿಯು ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಮಾಡುವಾಗ ಸಾಮಾನ್ಯ ಪ್ರೇಕ್ಷಕನನ್ನು ಹೊರಗೆ ನಿಲ್ಲಿಸಲಿಲ್ಲ. ಮುಗುಳುನಗೆ, ಗಟ್ಟಿನಗೆ, 'ಸಾಧು', 'ಅಹೋ', 'ಕಷ್ಟಂ' ಎಂಬ ಉದ್ಗಾರ, ರೋಮಾಂಚ, ಆಸನದಿಂದ ಎದ್ದು ನಿಲ್ಲುವುದು, ಉಟ್ಟ ವಸ್ತ್ರವನ್ನೋ ಬೆರಳಿನ ಉಂಗುರವನ್ನೋ ಎಸೆಯುವುದು, ಇವೆಲ್ಲವೂ ಅವನ ಎಣಿಕೆಯಲ್ಲಿ ಮಾನುಷೀ ಸಿದ್ಧಿಯ ಲಕ್ಷಣಗಳೇ. ನಾಯಕನು ತೆರೆಯ ಮೇಲೆ ಕಾಣಿಸಿಕೊಂಡೊಡನೆ ನಾಣ್ಯ ತೂರುವ ಅಭಿಮಾನಿಗೂ ಶಾಸ್ತ್ರಾಧಾರವುಂಟೆಂದು ತಿಳಿದರೆ ಪಂಡಿತರು ನಕ್ಕಾರು. ನಟರೊಳಗೆ ವಿವಾದ ಹುಟ್ಟಿದಾಗ ಪ್ರಾಶ್ನಿಕರು ಬರುತ್ತಾರೆ. ಆಗಲೂ ಒಬ್ಬನೇ ವಿದ್ವಾಂಸನಿಗೆ ಸರ್ವಾಧಿಕಾರವಿಲ್ಲ. ಯಜ್ಞದ ಸಂಗತಿಗೆ ಯಜ್ಞವನ್ನರಿತವನು, ಶಬ್ದಕ್ಕೆ ವೈಯಾಕರಣ, ಆಯುಧ ಹಿಡಿಯುವ ನಿಲುವಿಗೆ ಬಿಲ್ಲಾಳು, ಶೃಂಗಾರದ ನಡವಳಿಕೆಗೆ ವೇಶ್ಯೆ.

ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮನು ಅಭಿರುಚಿಯ ಪ್ರಮಾಣವನ್ನು ಕುರಿತು 1757ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟನ ಕಥೆಯಿಂದ ಒಂದು ಪ್ರಸಂಗವನ್ನು ಎತ್ತಿಕೊಂಡಿದ್ದಾನೆ. ಇಬ್ಬರು ಒಂದು ಪೀಪಾಯಿಯ ದ್ರಾಕ್ಷಾರಸವನ್ನು ರುಚಿನೋಡಿದರು. ಒಳ್ಳೆಯದೇ, ಆದರೆ ತೊಗಲಿನ ರುಚಿ ತುಸು ಇದೆ ಎಂದನು ಒಬ್ಬ; ಅಲ್ಲ, ಕಬ್ಬಿಣದ್ದು ಎಂದನು ಇನ್ನೊಬ್ಬ. ಕೇಳಿದವರು ನಕ್ಕರು. ಪೀಪಾಯಿ ಬರಿದಾದಾಗ ಅದರ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದ ಕೈಯೊಂದು ಸಿಕ್ಕಿತು. ಇಬ್ಬರೂ ಆಡಿದುದು ಹಗುರವಾದ ಮಾತೇ; ನಾಲಗೆ ಮಾತ್ರ ಅವರದಾಗಿತ್ತು. ನೆರೆಮನೆಯವರು ಹೊಗಳಿದರು, ಆದುದರಿಂದ ಚಿತ್ರ ಚೆನ್ನಾಗಿದೆ ಎಂಬವನು ರುಚಿಯನ್ನೇ ನೋಡಿದವನಲ್ಲ.

ರುಚಿಯ ಮಟ್ಟಿಗೆ ಇಷ್ಟು ಸಾಕು. ತೊಡಕಿರುವುದು ಬೇರೆಡೆಯಲ್ಲಿ. ಸಂಗೀತ ಛಾಯಾಗ್ರಹಣಗಳನ್ನು ಒಂದು ವಾಕ್ಯದಲ್ಲಿ ಮುಗಿಸಿದ ಪ್ರೇಕ್ಷಕನು ಕೂಡಲೆ ಪಾತ್ರಗಳ ನಡತೆಯನ್ನು ಹಿಡಿಯುತ್ತಾನೆ. ಅವಳು ಹಾಗೆ ಮಾಡಬಾರದಿತ್ತು ಎಂಬುದು ರುಚಿಯ ಮಾತಲ್ಲ, ಧರ್ಮನಿರ್ಣಯ. ಅದನ್ನೂ ಅದೇ ಹಗುರವಾದ ದನಿಯಲ್ಲಿ ಹೇಳುತ್ತಾನೆ.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ಚಿತ್ರವನ್ನು ನೋಡದ ಕನ್ನಡ ಮನೆ ವಿರಳ. ಕಾದಂಬರಿಕಾರರಿಗೇ ಅದು ಹಿಡಿಸಲಿಲ್ಲವೆಂಬುದು ಪ್ರಸಿದ್ಧ; ಜನಕ್ಕೆ ಅದು ಹಿಡಿಸಿತೆಂಬುದು ಇನ್ನೂ ಪ್ರಸಿದ್ಧ. ಚಿತ್ರದುರ್ಗದ ಆ ಒರಟು ಹುಡುಗ ರಾಮಾಚಾರಿಯನ್ನು ಮನಸಾರೆ ನಂಬಿದವರು ಚಾಮಯ್ಯ ಮೇಷ್ಟರು. ಆ ನಂಬಿಕೆಯ ಬಲದಿಂದಲೇ ಅವರು ಅವನಿಂದ ಅಲಮೇಲುವನ್ನು ಬಿಡಿಸಿದರು, ಜಾತಿ ಬೇರೆಯಾಗಿತ್ತು. ಮುಂದೆ ಅವಳ ಮದುವೆ ಹಾಳಾಗಿ, ಅವಳು ವೇಶ್ಯಾವೃತ್ತಿಗೆ ಬಿದ್ದುದನ್ನು ಶಿಷ್ಯನು ಕಣ್ಣಾರೆ ಕಂಡನು. ಅವನು ಕ್ರೈಸ್ತಳಾದ ಮಾರ್ಗರೆಟಳನ್ನು ವರಿಸಹೊರಟಾಗ ಗುರುವು ಮತ್ತೆ ಅಡ್ಡ ನಿಂತರು.

ಪಾಪ, ಮೇಷ್ಟರು ಎಂದು ಮನೆಯ ಹಿರಿಯರು ನಿಟ್ಟುಸಿರಿಡುತ್ತಾರೆ. ಅದು ಕರುಣೆಯ ಮಾತೇ ಸರಿ. ಆದರೆ ಅದೇ ಕೊಠಡಿಯಲ್ಲಿ ಕುಳಿತ ಹದಿನೆಂಟರ ಹುಡುಗಿಗೆ ಅದು ಬೇರೊಂದಾಗಿ ಕೇಳಿಸೀತು. ತನ್ನ ವಿಷಯ ಈ ಮನೆಯಲ್ಲಿ ಎಂದಾದರೂ ವಿಚಾರಣೆಗೆ ಬಂದರೆ ತೀರ್ಪು ಏನಾಗುವುದೆಂಬುದನ್ನು ಅವಳು ಆ ಒಂದು ನಿಟ್ಟುಸಿರಿನಿಂದ ತಿಳಿದುಕೊಳ್ಳುತ್ತಾಳೆ. ಚಿತ್ರಮಂದಿರದ ಕತ್ತಲೆ ಎರಡು ಮೂರು ಗಂಟೆಯಾದರೂ ನಾಲಗೆಗಳನ್ನು ಕಟ್ಟಿಹಾಕುತ್ತಿತ್ತು. ದೂರದರ್ಶನವು ನಡುಮನೆಗೆ ಬಂದ ಮೇಲೆ ಆ ತಡೆಯೂ ಇಲ್ಲ. ಧಾರಾವಾಹಿಯ ಸೊಸೆ ಎದುರುತ್ತರ ಕೊಟ್ಟ ಕ್ಷಣವೇ ಸೋಫಾದಿಂದ ಟೀಕೆ ಹೊರಡುತ್ತದೆ. ಕಾಫಿ ತಂದಿಟ್ಟ ಸೊಸೆ ಕೇಳಿಸಿಕೊಂಡು ಒಳಗೆ ಹೋಗುತ್ತಾಳೆ. ಯಾರೂ ಯಾರಿಗೂ ಉಪದೇಶಮಾಡಿಲ್ಲ. ಮನೆಯ ಧರ್ಮಶಾಸ್ತ್ರದ ಒಂದು ಪುಟ ಮಾತ್ರ ಓದಿಹಾಕಿದಂತಾಗಿದೆ.

ಹಾಗೆಂದು ಬಾಯಿಗೆ ಬೀಗ ಹಾಕುವುದು ಪರಿಹಾರವಲ್ಲ. ನೆಂಟರಿಷ್ಟರ ವಿಷಯದಲ್ಲಿ ಆಡಲಾಗದ ಮಾತನ್ನು ತೆರೆಯ ಮೇಲಿನವರ ವಿಷಯದಲ್ಲಿ ಆಡಬಹುದೆಂಬುದೇ ಈ ಹರಟೆಯ ದೊಡ್ಡ ಉಪಕಾರ. ಅಲಮೇಲು ಆ ಮದುವೆಗೆ ಒಪ್ಪಬಾರದಿತ್ತು ಎಂದು ಹುಡುಗಿ ಹೇಳಿದರೆ ಅದು ಸಿನಿಮಾದ ಮಾತಾಗಿಯೇ ಉಳಿಯುತ್ತದೆ, ತಂದೆಗೆ ಅಪಮಾನವಾಗುವುದಿಲ್ಲ. ಕೇಳುವ ಕಿವಿಯಿದ್ದವನು ಅಲ್ಲಿ ಸಿನಿಮಾಕ್ಕಿಂತ ಹೆಚ್ಚಿನದನ್ನು ಕೇಳಿಯಾನು. ದುರ್ದೈವದಿಂದ ತೀರ್ಪು ಕೊಡುವ ಅವಸರದಲ್ಲಿರುವವನಿಗೆ ಎದುರುಪಕ್ಷದ ಸಾಕ್ಷ್ಯ ಕೇಳಿಸುವುದು ಕಡಿಮೆ.

ಚಿತ್ರದ ಕೊನೆಯಲ್ಲಿ ಮೇಷ್ಟರು ಬೆಟ್ಟದಿಂದ ಬಿದ್ದು ಸಾಯುತ್ತಾರೆ. ಅವರ ಹಿಂದೆಯೇ ರಾಮಾಚಾರಿಯೂ ಮಾರ್ಗರೆಟಳೂ ಹಾರುತ್ತಾರೆ. ಮುಗಿಸಿದ ರೀತಿ ಸರಿಯಿಲ್ಲ ಎಂದು ಹೇಳುವವರು ಇಂದಿಗೂ ಇದ್ದಾರೆ. ಬೇರೆ ರೀತಿಯಲ್ಲಿ ಮುಗಿಯಬೇಕಾಗಿದ್ದರೆ ಮೂವರಲ್ಲಿ ಮೊದಲು ಯಾರು ಮಣಿಯಬೇಕಾಗಿತ್ತು ಎಂದು ಕೇಳಿದರೆ, ಒಂದೇ ಸಾಲಿನಲ್ಲಿ ಕುಳಿತು ನೋಡಿದ ತಂದೆಯೂ ಮಗಳೂ ಒಂದೇ ಹೆಸರನ್ನು ಹೇಳಲಾರರು.