ಕಲಿಸಿದವನು ಸರಿದು ನಿಲ್ಲುವ ಧರ್ಮ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲೆರಡರ ಫಲ ಬೇಗನೆ ಕಣ್ಣಿಗೆ ಕಾಣುತ್ತದೆ. ಹಸಿದವನು ಉಂಡು ತೃಪ್ತನಾಗುತ್ತಾನೆ. ರೋಗಿಯು ಗುಣಹೊಂದಿ ಏಳುತ್ತಾನೆ. ಶಾಸ್ತ್ರದಾನದ, ಎಂದರೆ ಜ್ಞಾನದಾನದ, ಫಲ ಹಾಗಲ್ಲ. ಅದು ಪೂರ್ಣವಾಯಿತೆಂದು ಯಾವಾಗ ಹೇಳಬೇಕು? ಶಿಷ್ಯನು ಪಾಠ ಒಪ್ಪಿಸಿದಾಗಲೋ, ಕಲಿತ ಕೆಲಸವನ್ನು ತಾನೇ ಮಾಡಿದಾಗಲೋ, ಅಥವಾ ಗುರುವಿನ ನೆರವಿಲ್ಲದೆ ಮತ್ತೊಬ್ಬನಿಗೆ ಕಲಿಸಬಲ್ಲವನಾದಾಗಲೋ? ಒಬ್ಬ ವ್ಯಕ್ತಿಯ ವಿಷಯದಲ್ಲಿಯೇ ಕಠಿಣವಾದ ಈ ಪ್ರಶ್ನೆ, ಇಡೀ ದೇಶವೊಂದು ಕಲಿಯಹೊರಟಾಗ ಇನ್ನಷ್ಟು ಕಠಿಣವಾಗುತ್ತದೆ. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಬೋಟ್ಸ್ವಾನಾ ದೇಶದ ಇತಿಹಾಸವು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದಾಗ ಆ ದೇಶದಲ್ಲಿದ್ದ ಸ್ಥಳೀಯ ಪದವೀಧರರು 22 ಮಂದಿ. ಪ್ರೌಢಶಿಕ್ಷಣ ಮುಗಿಸಿದವರು ಸುಮಾರು 100 ಮಂದಿ. ಡಾಂಬರು ಹಾಕಿದ ರಸ್ತೆ 12 ಕಿಲೋಮೀಟರು. ಅದುವರೆಗೆ ಆಡಳಿತದ ಕೇಂದ್ರವೂ ದೇಶದೊಳಗೆ ಇರಲಿಲ್ಲ. ನೆರೆಯ ದಕ್ಷಿಣ ಆಫ್ರಿಕಾದ ಮಾಫಿಕೆಂಗ್ ಪಟ್ಟಣದಿಂದ ಆಳ್ವಿಕೆ ನಡೆಯುತ್ತಿತ್ತು. ಗ್ಯಾಬರೋನ್ ಎಂಬ ರಾಜಧಾನಿಯನ್ನು ಸ್ವಾತಂತ್ರ್ಯದ ಮುನ್ನಾ ವರ್ಷಗಳಲ್ಲಷ್ಟೇ ಹೊಸದಾಗಿ ಕಟ್ಟಲಾಗಿತ್ತು.

ಇಂತಹ ಸ್ಥಿತಿಯಲ್ಲಿ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಮುಂದೆ ಒಂದು ನೈತಿಕ ಸಂಕಟವಿತ್ತು. ಕಚೇರಿಗಳ ಉನ್ನತ ಹುದ್ದೆಗಳಲ್ಲಿ ವಿದೇಶೀಯರೇ ಕುಳಿತಿದ್ದರು. ಅವರನ್ನು ಕೂಡಲೇ ತೆಗೆದು ದೇಶೀಯರನ್ನು ಕೂರಿಸಿದರೆ ಸ್ವಾಭಿಮಾನಕ್ಕೆ ತೃಪ್ತಿ. ಆದರೆ ಕೆಲಸ ಅರಿಯದವನ ಕೈಯಲ್ಲಿ ಆಸ್ಪತ್ರೆ, ಖಜಾನೆ, ನೀರು ಸರಬರಾಜು ಕೆಟ್ಟರೆ ನೋಯುವವನು ಬಡವನೇ. ಹಾಗೆಂದು ವಿದೇಶೀಯರನ್ನೇ ಮುಂದುವರಿಸಿದರೆ, ತಮ್ಮ ಮನೆಯಲ್ಲಿ ತಾವೇ ಅತಿಥಿಗಳಾದೆವೆಂಬ ನೋವು. ಖಾಮಾ ಅವರು ಎರಡನೆಯ ನೋವನ್ನು ಸಹಿಸಿ, ಯೋಗ್ಯತೆಯ ಮಟ್ಟವನ್ನು ಇಳಿಸದೆ, ದೇಶೀಯರಿಗೆ ತರಬೇತಿ ಕೊಡುತ್ತ ಮೆಟ್ಟಿಲು ಮೆಟ್ಟಿಲಾಗಿ ಹುದ್ದೆಗಳನ್ನು ವರ್ಗಾಯಿಸುವ ಮಾರ್ಗವನ್ನು ಆರಿಸಿಕೊಂಡರು. ಓದಿದ ತರುಣರು ಇದನ್ನು ಟೀಕಿಸಿದರು. ಆ ಟೀಕೆ ಅನ್ಯಾಯದ್ದಲ್ಲ. ಏಕೆಂದರೆ ‘ಇನ್ನೂ ಸಿದ್ಧರಾಗಿಲ್ಲ’ ಎಂಬ ಮಾತು ಅಧಿಕಾರವನ್ನು ಬಿಡಲೊಲ್ಲದವನ ನೆಪವೂ ಆಗಬಲ್ಲದು.

ಕಲಿಸದೆಯೇ ಬಿಟ್ಟುಹೋದರೆ ಆಗುವ ಅನರ್ಥಕ್ಕೂ ಅದೇ ಖಂಡದಲ್ಲಿ ಉದಾಹರಣೆಯಿದೆ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾದ ಕಾಂಗೋದಲ್ಲಿ ಪದವೀಧರರು ಬೆರಳೆಣಿಕೆಯಷ್ಟು ಮಾತ್ರ ಇದ್ದರು. ಸೇನೆಯ ಅಧಿಕಾರಿಗಳಲ್ಲಿ ಒಬ್ಬನೂ ಕಾಂಗೋ ದೇಶದವನಾಗಿರಲಿಲ್ಲ. ವಾರದೊಳಗೆ ಸೈನಿಕರು ದಂಗೆಯೆದ್ದರು, ಬೆಲ್ಜಿಯಂ ಅಧಿಕಾರಿಗಳು ಗುಂಪು ಗುಂಪಾಗಿ ದೇಶ ತೊರೆದರು, ಆಡಳಿತ ಕುಸಿಯಿತು. ದಶಕಗಳ ಕಾಲ ಆಳಿದವರು ಗುಮಾಸ್ತರನ್ನು ತಯಾರು ಮಾಡಿದ್ದರೇ ಹೊರತು ಉತ್ತರಾಧಿಕಾರಿಗಳನ್ನಲ್ಲ. ಹೊಡೆಯುವುದಷ್ಟೇ ಹಿಂಸೆಯಲ್ಲ; ಬೆಳೆಯಬಲ್ಲವನನ್ನು ಬೆಳೆಯಗೊಡದಿರುವುದೂ ಹಿಂಸೆಯ ಒಂದು ಸೂಕ್ಷ್ಮ ರೂಪವೇ.

ಬೋಟ್ಸ್ವಾನಾದಲ್ಲಿ ಕೈಕಸುಬಿನ ಕಲಿಕೆಗೂ ಹೊಸ ದಾರಿಯೊಂದು ತೆರೆಯಿತು. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯನ್ನು ವಿರೋಧಿಸಿ ತನ್ನ ರಾಯಭಾರ ಸೇವೆಗೆ ರಾಜೀನಾಮೆಯಿತ್ತ ಪ್ಯಾಟ್ರಿಕ್ ವಾನ್ ರೆನ್ಸ್‌ಬರ್ಗ್ ಅವರು 1963ರಲ್ಲಿ ಸೆರೋವೆ ಎಂಬಲ್ಲಿ ಸ್ವಾನೆಂಗ್ ಹಿಲ್ ಶಾಲೆಯನ್ನು ಸ್ಥಾಪಿಸಿದರು. ಪ್ರಾಥಮಿಕ ಶಾಲೆ ಮುಗಿಸಿ ಮುಂದಿನ ಓದಿಗೆ ಸ್ಥಳ ದೊರೆಯದ ಮಕ್ಕಳೇ ಊರಿನಲ್ಲಿ ಬಹುಮಂದಿ. ಅಂಥವರಿಗಾಗಿ 1965ರಲ್ಲಿ ಕಟ್ಟಡ ಕೆಲಸದ ತಂಡವೊಂದನ್ನು ಆರಂಭಿಸಿದರು. ‘ಬ್ರಿಗೇಡ್’ ಎಂದು ಹೆಸರಾದ ಈ ತಂಡಗಳಲ್ಲಿ ತರುಣರು ನಿಜವಾದ ಕಟ್ಟಡಗಳನ್ನು ಕಟ್ಟುತ್ತಲೇ ಕಸುಬು ಕಲಿಯುತ್ತಿದ್ದರು. ಆ ದುಡಿಮೆಯ ಆದಾಯದಿಂದ ಕಲಿಕೆಯ ಖರ್ಚನ್ನು ಸರಿದೂಗಿಸುತ್ತಿದ್ದರು. ಮುಂದೆ ಮರಗೆಲಸ, ಬೇಸಾಯ, ಚರ್ಮ ಹದಮಾಡುವುದು ಮೊದಲಾದ ಕಸುಬುಗಳಿಗೂ ಈ ಕ್ರಮ ಹಬ್ಬಿತು. ಇಲ್ಲಿ ಕಲಿಯುವವನು ಭಿಕ್ಷೆ ಪಡೆದವನಲ್ಲ. ಅವನ ಬೆವರಿಗೂ ಆ ಸಂಸ್ಥೆಯಲ್ಲಿ ಪಾಲಿತ್ತು.

ಉನ್ನತ ವಿದ್ಯೆಯ ಕಥೆ ಇನ್ನೂ ಹೃದಯಂಗಮವಾದುದು. ಬೋಟ್ಸ್ವಾನಾ, ಲೆಸೋಥೋ, ಸ್ವಾಜಿಲ್ಯಾಂಡ್ ಎಂಬ ಮೂರು ದೇಶಗಳಿಗೆ ಸೇರಿ ಒಂದೇ ವಿಶ್ವವಿದ್ಯಾಲಯವಿತ್ತು. ಅದರ ಮುಖ್ಯ ಆವರಣ ಲೆಸೋಥೋದಲ್ಲಿತ್ತು. 1975ರಲ್ಲಿ ಲೆಸೋಥೋ ಅದನ್ನು ತನ್ನದಾಗಿಸಿಕೊಂಡಾಗ ಉಳಿದೆರಡು ದೇಶಗಳ ವಿದ್ಯಾರ್ಥಿಗಳು ನೆಲೆ ಕಳೆದುಕೊಂಡರು. ಮರುವರ್ಷ ಖಾಮಾ ಅವರು ಪ್ರಜೆಗಳ ಮುಂದೆ ಕೈಚಾಚಿದರು. ‘ಒಬ್ಬೊಬ್ಬರಿಗೆ ಒಂದೊಂದು ದನ’ ಎಂಬುದು ಆ ಕರೆಯ ಅರ್ಥ. ದನವೇ ಸಂಪತ್ತಾಗಿದ್ದ ಜನ ದನ ಕೊಟ್ಟರು. ದನವಿಲ್ಲದವರು ಧಾನ್ಯ, ಹಣ, ಏನಿತ್ತೋ ಅದನ್ನು ಕೊಟ್ಟರು. 1982ರಲ್ಲಿ ಬೋಟ್ಸ್ವಾನಾ ವಿಶ್ವವಿದ್ಯಾಲಯ ಸ್ವತಂತ್ರ ಸಂಸ್ಥೆಯಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ಗೋವಳನೂ ಅದನ್ನು ‘ನಮ್ಮದು’ ಎನ್ನಬಲ್ಲವನಾದನು.

ಆ ದೇಶದ ಐಶ್ವರ್ಯ ವಜ್ರದ್ದು. 1967ರಲ್ಲಿ ಒರಾಪಾದಲ್ಲಿ ವಜ್ರದ ನಿಕ್ಷೇಪ ದೊರೆಯಿತು. ಆ ನೆಲ ಖಾಮಾ ಅವರ ಸ್ವಂತ ಬುಡಕಟ್ಟಿಗೆ ಸೇರಿತ್ತು. ಆದರೂ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ರಾಷ್ಟ್ರಕ್ಕೆ ವಹಿಸುವ ಕಾನೂನು ಅದೇ ವರ್ಷ ಬಂದಿತು. ಅಪರಿಗ್ರಹವನ್ನು ವ್ರತವೆಂದು ತಿಳಿದವರು ಈ ತ್ಯಾಗದ ಬೆಲೆಯನ್ನು ಬಲ್ಲರು. ಆದರೆ ಕಲ್ಲು ಸಿಕ್ಕಿದರೆ ಸಾಲದು, ಸಾಣೆ ಹಿಡಿಯುವ ಕೈ ಬೇಕು. ಗುಜರಾತಿನ ಪಾಲನಪುರದ ಜೈನ ಮನೆತನಗಳು ಬಹುಕಾಲದಿಂದ ಪಳಗಿದ ವ್ಯಾಪಾರವಿದು. ಸೂರತ್ ನಗರ ಈ ಕುಶಲತೆಯ ತವರು. ತನ್ನ ವಜ್ರದ ಒಂದು ಭಾಗಕ್ಕೆ ತನ್ನ ನೆಲದಲ್ಲೇ ಸಾಣೆ ಹಿಡಿಯಬೇಕೆಂದು ಬೋಟ್ಸ್ವಾನಾ ಕೇಳಿದಾಗ, ಭಾರತೀಯ ವರ್ತಕರೂ ಗ್ಯಾಬರೋನ್‌ನಲ್ಲಿ ಕಾರ್ಖಾನೆ ತೆರೆದು ಅಲ್ಲಿಯವರಿಗೆ ಕೆಲಸ ಕಲಿಸಿದರು. ಕಲಿತವನು ನಾಳೆ ಪ್ರತಿಸ್ಪರ್ಧಿಯಾಗಬಹುದು. ಆ ಭಯವನ್ನು ಗೆದ್ದು ಗುಟ್ಟನ್ನು ಮುಚ್ಚಿಡದೆ ಕಲಿಸಿದರೆ ಮಾತ್ರ ಅದು ವ್ಯಾಪಾರದ ಒಡಂಬಡಿಕೆಯನ್ನು ಮೀರಿ ದಾನವಾಗುತ್ತದೆ.

ಬೋಟ್ಸ್ವಾನಾ ದೋಷರಹಿತ ದೇಶವೇನಲ್ಲ. ಸಂಪತ್ತಿನ ಅಸಮಾನತೆ ಅಲ್ಲಿ ಹೆಚ್ಚು. ಒಂದೇ ಖನಿಜದ ಮೇಲಿನ ಅವಲಂಬನೆ ನೀಗಿಲ್ಲ. ಓದಿದ ಯುವಕರಲ್ಲಿ ಬಹುಮಂದಿಗೆ ಉದ್ಯೋಗವಿಲ್ಲ. ಕಲಿಸುವುದರೊಡನೆ ಕಲಿತದ್ದಕ್ಕೆ ಕೆಲಸ ಒದಗಿಸುವ ಹೊಣೆಯೂ ಇದೆಯೆಂಬುದನ್ನು ಇದು ತೋರಿಸುತ್ತದೆ. ಆದರೂ 1966ರಿಂದ 58 ವರ್ಷ ಆಳಿದ ಪಕ್ಷವು 2024ರ ಚುನಾವಣೆಯಲ್ಲಿ ಸೋತಾಗ ಅಧಿಕಾರವನ್ನು ಶಾಂತವಾಗಿ ಒಪ್ಪಿಸಿತು. ವ್ಯಕ್ತಿ ಸರಿದರೂ ವ್ಯವಸ್ಥೆ ನಿಲ್ಲುವುದೇ ಸಂಸ್ಥೆಯ ನಿಜವಾದ ಪರೀಕ್ಷೆ.

ಈ ಪರೀಕ್ಷೆ ದೇಶಗಳಿಗಷ್ಟೇ ಅಲ್ಲ. ಬಸದಿಯ ಲೆಕ್ಕಪತ್ರ ಒಬ್ಬ ಹಿರಿಯರಿಗೆ ಮಾತ್ರ ತಿಳಿದಿದ್ದರೆ, ವಿದ್ಯಾರ್ಥಿನಿಲಯವು ಒಬ್ಬ ದಾನಿಯ ಆಯುಷ್ಯವನ್ನೇ ನಂಬಿದ್ದರೆ, ಅಂಗಡಿಯ ವ್ಯವಹಾರದ ಮರ್ಮವನ್ನು ಯಜಮಾನನು ಮಗನಿಗೂ ಹೇಳದಿದ್ದರೆ, ಅಲ್ಲಿ ಸೇವೆಯ ಹೆಸರಿನಲ್ಲಿ ಮಮಕಾರ ಬೆಳೆದಿರುತ್ತದೆ. ಹಣದ ಪರಿಗ್ರಹವನ್ನು ಬಿಟ್ಟವರೂ ‘ನಾನಿಲ್ಲದೆ ನಡೆಯದು’ ಎಂಬ ಪರಿಗ್ರಹವನ್ನು ಬಿಡಲಾರರು. ಅನ್ನ ಕೊಟ್ಟವನನ್ನು ಉಂಡವನು ನೆನೆಯುತ್ತಾನೆ. ವಿದ್ಯೆ ಕೊಟ್ಟವನು ಒಂದು ದಿನ ತಾನು ಬೇಡವಾಗುವುದಕ್ಕೆ ಸಿದ್ಧನಿರಬೇಕು. ಆ ದಿನವನ್ನು ತಾನೇ ಹತ್ತಿರ ತರಬೇಕು. ಜ್ಞಾನದಾನವು ಪೂರ್ಣವಾಗುವುದು ಅಂದೇ.