ಧಾರಣೆ ಮತ್ತು ವಿದ್ಯಾರ್ಥಿಗಳ ಸ್ಮರಣಶಕ್ತಿ



ಪರೀಕ್ಷೆಯ ದಿನಗಳು ಸಮೀಪಿಸಿದೊಡನೆ, ಓದಿದುದು ನೆನಪಿನಲ್ಲಿ ನಿಲ್ಲಲೆಂದೂ ಅಂಕಗಳು ಹೆಚ್ಚು ಬರಲೆಂದೂ ಮಕ್ಕಳಿಂದ ಉಪವಾಸ ಮಾಡಿಸುವ ತಾಯ್ತಂದೆಗಳು ನಮ್ಮಲ್ಲಿದ್ದಾರೆ. ಅವರ ವಾತ್ಸಲ್ಯದಲ್ಲಿ ಸಂದೇಹವಿಲ್ಲ. ಆದರೆ ಉಪವಾಸವೊಂದರಿಂದಲೇ ಮರೆವು ನೀಗುವುದೇ? ಈ ಪ್ರಶ್ನೆಗೆ ನಮ್ಮ ಆಗಮಪರಂಪರೆಯಲ್ಲಿಯೇ ಉತ್ತರವಿದೆ.

ಸೌರಾಷ್ಟ್ರದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆಯೇ ಶ್ರುತವು ಲುಪ್ತವಾದೀತೆಂದು ಚಿಂತಿಸಿ ದಕ್ಷಿಣಾಪಥದ ಆಚಾರ್ಯರಿಗೆ ಪತ್ರವನ್ನು ಕಳುಹಿಸಿದ ವೃತ್ತಾಂತವನ್ನು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ವಿವರಿಸಿದ್ದಾರೆ. ಆ ಜ್ಞಾನಕ್ಕೆ ಮುನಿಗಳ ಸ್ಮೃತಿಯೇ ಆಶ್ರಯವಾಗಿತ್ತು. ಬಲ್ಲವರು ಮರೆತರೆ ಅಷ್ಟು ಭಾಗವು ಲೋಕಕ್ಕೇ ಇಲ್ಲವಾಗುತ್ತಿತ್ತು. ಅಷ್ಟು ಆತುರದ ಕಾಲದಲ್ಲಿಯೂ, ಬಂದ ಇಬ್ಬರು ಮುನಿಗಳಿಗೆ ಆಚಾರ್ಯರು ಒಡನೆಯೇ ಪಾಠ ಹೇಳಲಿಲ್ಲ. ಒಬ್ಬರಿಗೆ ಒಂದಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ಮಂತ್ರವನ್ನು ಕೊಟ್ಟು, ಎರಡು ಉಪವಾಸಗಳೊಡನೆ ಸಾಧಿಸಿರೆಂದು ಆಜ್ಞಾಪಿಸಿದರು. ಮುನಿಗಳು ಹಾಗೆಯೇ ಸಾಧಿಸಿದರು. ಆದರೂ ಪ್ರತ್ಯಕ್ಷರಾದ ದೇವತೆಗಳಲ್ಲಿ ಒಬ್ಬಳ ಹಲ್ಲುಗಳು ಹೊರಚಾಚಿದ್ದವು, ಇನ್ನೊಬ್ಬಳಿಗೆ ಒಂದೇ ಕಣ್ಣು! ದೇವತೆಗಳ ಸ್ವಭಾವ ಹೀಗಲ್ಲವೆಂದು ಮುನಿಗಳು ವಿಚಾರಮಾಡಿ, ಹೆಚ್ಚಾದ ಅಕ್ಷರವನ್ನು ತೆಗೆದು, ಕೊರತೆಯಾದುದನ್ನು ಸೇರಿಸಿ ಮತ್ತೆ ಜಪಿಸಲು, ದೇವತೆಗಳು ಸಹಜರೂಪದಲ್ಲಿ ಕಾಣಿಸಿದರು. ಆಮೇಲೆಯೇ ಪಾಠ. ಆ ಇಬ್ಬರೇ ಪುಷ್ಪದಂತ-ಭೂತಬಲಿಗಳು. ಆ ಪಾಠವೇ ಷಟ್ಖಂಡಾಗಮವಾಗಿ, ಮೂಡುಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳಲ್ಲಿ ನಮಗೆ ಉಳಿದುಬಂದಿತು. ಉಪವಾಸವು ಅಕ್ಷರದ ತಪ್ಪನ್ನು ತಿದ್ದಲಿಲ್ಲವೆಂಬುದನ್ನು ಗಮನಿಸಬೇಕು. ತಿದ್ದಿದ್ದು ವಿಚಾರ.

ಇನ್ನು, ಕಲಿತುದು ಚಿತ್ತದಲ್ಲಿ ನೆಲೆಗೊಳ್ಳುವುದು ಹೇಗೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಭೇದಗಳನ್ನು ಹೇಳಿದ್ದಾರೆ. ಪೂಜ್ಯಪಾದರು ಇದಕ್ಕೆ ಕೊಟ್ಟ ನಿದರ್ಶನ ಸೊಗಸಾದುದು. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು: ಅದು ಅವಗ್ರಹ. ಬೆಳ್ಳಕ್ಕಿಯೋ ಪತಾಕೆಯೋ ಎಂದು ತಿಳಿಯುವ ಹಂಬಲ ಈಹಾ. ಮೇಲೆ ಕೆಳಗೆ ಹಾರುವುದನ್ನು ನೋಡಿ ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಮುಂದೆ ಮರೆಯದಿರಲು ಕಾರಣವಾಗುವುದು ಧಾರಣಾ. ನಮ್ಮ ವಿದ್ಯಾರ್ಥಿಗಳು ಮೊದಲ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ನೇರವಾಗಿ ಹಾರಲು ಯತ್ನಿಸುತ್ತಾರೆ. ಕಣ್ಣು ಸಾಲುಗಳ ಮೇಲೆ ಓಡುತ್ತದೆ, ಇದೇಕೆ ಹೀಗೆ ಎಂಬ ಪ್ರಶ್ನೆ ಏಳುವುದಿಲ್ಲ, ನಿಶ್ಚಯವೂ ಆಗುವುದಿಲ್ಲ. ಧಾರಣೆ ಎಲ್ಲಿಂದ ಬರಬೇಕು?

ಆಧುನಿಕ ಮನೋವಿಜ್ಞಾನದಿಂದ ಆಗಮಕ್ಕೆ ಪ್ರಮಾಣಪತ್ರ ಕೊಡಿಸುವ ಆವಶ್ಯಕತೆಯಿಲ್ಲ. ಆದರೆ ಅಭ್ಯಾಸಕ್ರಮಕ್ಕೆ ಅದರ ಎರಡು ಮಾತುಗಳು ಉಪಯುಕ್ತವಾಗಿವೆ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಪರೀಕ್ಷಿಸಿ, 1885ರಲ್ಲಿ ಫಲವನ್ನು ಪ್ರಕಟಿಸಿದನು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಜಾರಿಹೋಗುತ್ತಿತ್ತು. ಅನಂತರದ ಮರೆವು ನಿಧಾನವಾಗಿತ್ತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಒಂದು ವಾರದ ಮೇಲೆ ನೂರಕ್ಕೆ ಸುಮಾರು 40 ಭಾಗ ನೆನಪಿದ್ದರೆ, ಒಮ್ಮೆ ಓದಿ ಪುಸ್ತಕ ಬದಿಗಿರಿಸಿ ಮೂರು ಸಲ ಸ್ಮರಿಸಿ ಬರೆದವರಿಗೆ ಸುಮಾರು 61 ಭಾಗ ನೆನಪಿತ್ತು. ಓದಿದ ಐದೇ ನಿಮಿಷಗಳ ಬಳಿಕ ಕೇಳಿದಾಗ ಮಾತ್ರ ಪುನಃ ಪುನಃ ಓದಿದವರೇ ಮುಂದಿದ್ದರು! ಎಲ್ಲವೂ ಬಂತೆಂಬ ಭ್ರಮೆಯು ಹುಟ್ಟುವುದು ಇಲ್ಲಿಯೇ.

ಸ್ವಾಧ್ಯಾಯದ ಐದು ಭೇದಗಳನ್ನು ಈಗ ನೋಡಿರಿ. ವಾಚನಾ ಒಂದೇ ಓದು; ಮಿಕ್ಕವು ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಕೇಳುವುದು, ಮನಸ್ಸಿನಲ್ಲಿ ಚಿಂತಿಸುವುದು, ಶುದ್ಧವಾಗಿ ಆವರ್ತಿಸುವುದು, ಪರರಿಗೆ ಹೇಳುವುದು. ಸಹಪಾಠಿಗೆ ಪಾಠ ವಿವರಿಸುವ ವಿದ್ಯಾರ್ಥಿಗೆ ತನ್ನ ಪಾಠವೇ ದೃಢವಾಗುತ್ತದೆ. ತನ್ನ ಟಿಪ್ಪಣಿಯನ್ನು ಅಸೂಯೆಯಿಂದ ಬಚ್ಚಿಡುವವನಾದರೋ, ಮಾತ್ಸರ್ಯವು ಜ್ಞಾನಾವರಣದ ಆಸ್ರವಕ್ಕೆ ಕಾರಣವೆಂಬ ಸೂತ್ರವನ್ನು ಸ್ಮರಿಸಬೇಕು.

ಹಾಗಾದರೆ ಪರೀಕ್ಷಾಕಾಲದ ಉಪವಾಸ? ಅಂಕಗಳ ಆಸೆಯಿಂದ ಮಾಡಿದ ವ್ರತವು ನಿದಾನವೆಂಬ ಶಲ್ಯಕ್ಕೆ ಸಿಲುಕುತ್ತದೆ, ನಿಃಶಲ್ಯನೇ ವ್ರತಿ. ತಪಸ್ಸನ್ನೂ ಶಕ್ತಿಯನ್ನರಿತು ಆಚರಿಸಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಇದೆ. ಬೆಳೆಯುವ ಮಗುವನ್ನು ಹಸಿವಿನಿಂದ ಬಳಲಿಸಿ ಪುಸ್ತಕದ ಮುಂದೆ ಕೂರಿಸಿದರೆ ಅವಗ್ರಹವೇ ಮಂದವಾದೀತು. ರಾತ್ರಿಯಿಡೀ ಎಚ್ಚರವಿದ್ದು ಓದುವುದೂ ಸಲ್ಲದು. ಹಗಲು ಕಲಿತುದು ಮಿದುಳಿನಲ್ಲಿ ಗಟ್ಟಿಗೊಳ್ಳುವುದು ನಿದ್ರೆಯಲ್ಲಿ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ನಮ್ಮ ಮನೆಗಳಲ್ಲಿ ಬೇಗ ಮಲಗಿ ಬೇಗ ಏಳುವುದು ಕಷ್ಟವೇನಲ್ಲ.

ಮಕ್ಕಳಿಗೆ ಕೊಡತಕ್ಕ ನಿಯಮ ಬೇರೆಯಿದೆ. ಮುಂದಿನ ಜ್ಯೇಷ್ಠ ಶುಕ್ಲ ಪಂಚಮಿ, ಶ್ರುತಪಂಚಮಿಯಂದು, ಬಸದಿಯಲ್ಲಿ ಶಾಸ್ತ್ರಪೂಜೆಯಾದ ಮೇಲೆ ಅದನ್ನು ಸ್ವೀಕರಿಸಲಿ. ಅಂದಂದಿನ ಪಾಠವನ್ನು ಸಂಜೆ ಪುಸ್ತಕ ಮುಚ್ಚಿ ತಾಯಿಗೋ ಅಜ್ಜಿಗೋ ಒಪ್ಪಿಸಬೇಕು. ಮರುದಿನ ಒಮ್ಮೆ, ಮೂರುದಿನ ಬಿಟ್ಟು ಒಮ್ಮೆ, ವಾರದ ಮೇಲೆ ಮತ್ತೊಮ್ಮೆ. ಕೇಳುವವರಿಗೆ ಆ ವಿಷಯ ತಿಳಿದಿರಬೇಕಾಗಿಲ್ಲ, ಪುಸ್ತಕವನ್ನು ಕೈಯಲ್ಲಿ ಹಿಡಿದು ಎಡವಿದ ಕಡೆ ಬೆರಳಿಟ್ಟರೆ ಸಾಕು. ಪಂಚನಮಸ್ಕಾರ ಮಂತ್ರದ 35 ಅಕ್ಷರಗಳನ್ನು ನಮ್ಮ ಮಕ್ಕಳು ಓದು ಬರುವ ಮೊದಲೇ ಕಲಿತದ್ದು ಹೀಗೆ ಹಿರಿಯರ ಮುಂದೆ ಹೇಳಿ, ತಪ್ಪಿದಲ್ಲಿ ತಿದ್ದಿಸಿಕೊಂಡೇ ಅಲ್ಲವೇ?