ಮಂಜಿನಲ್ಲಿ ಮಂದೆಯ ನಡಿಗೆ

ಆದಿಕಾಂಡ 33ನೇ ಅಧ್ಯಾಯ, 13 ಮತ್ತು 14ನೇ ವಚನ ತೆಗೆದಿಟ್ಟುಕೊಳ್ಳಿ. ಓದೋದಕ್ಕೆ ಮುಂಚೆ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಹೋದ ಶನಿವಾರ ಸಭೆಯವರು ಹತ್ತೊಂಬತ್ತು ಜನ ಸ್ಕಂದಗಿರಿಗೆ ಹೋಗಿದ್ವಿ. ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಬುಕ್ ಮಾಡಿ, ರಾಮಮೂರ್ತಿ ನಗರದಿಂದ ರಾತ್ರಿ ಎರಡಕ್ಕೆ ಹೊರಟ್ವಿ. ಚಿಕ್ಕಬಳ್ಳಾಪುರದ ಹತ್ತಿರ ಪಾಪಾಗ್ನಿ ಮಠದ ಬಳಿ ಇಳಿದಾಗ ಬೆಟ್ಟವೇ ಕಾಣಿಸ್ತಿರಲಿಲ್ಲ, ಅಷ್ಟು ಮಂಜು. ಸುಮಾರು 1,450 ಮೀಟರ್ ಎತ್ತರ. ಮೋಡವನ್ನ ಮೇಲಿನಿಂದ ನೋಡೋಕೆ ಅಂತಾನೇ ಜನ ಅಲ್ಲಿಗೆ ಹೋಗ್ತಾರೆ. ನಾವು ಮೋಡದ ಒಳಗೇ ನಡೆದ್ವಿ.

ನಾನು ಎಲ್ಲರಿಗಿಂತ ಮುಂದೆ. ಪಾಸ್ಟರ್ ಇನ್ನೂ ಗಟ್ಟಿ ಅಂತ ಹುಡುಗರಿಗೆ ತೋರಿಸಬೇಕಿತ್ತಲ್ಲ! ಮೇಲೆ ಕೋಟೆಯ ಪಾಳುಗೋಡೆ ಮುಟ್ಟಿ ಎಣಿಸಿದ್ರೆ ಹದಿನೆಂಟು. ಮೊಣಕಾಲು ನೋವಿರೋ ನಮ್ಮ ಹಿರಿಯಣ್ಣ ಇಲ್ಲ. ಕೂಗಿದ್ವಿ. ಮಂಜಲ್ಲಿ ಕೂಗು ಯಾವ ಕಡೆಯದು ಅಂತಾನೇ ತಿಳಿಯಲ್ಲ. ಫೋನ್ ಸಿಗಲಿಲ್ಲ. ಕಾಲಡಿ ಬಂಡೆ ಜಾರ್ತಿತ್ತು. ನಲವತ್ತು ನಿಮಿಷ ಹುಡುಕಿದ್ವಿ, ಪ್ರಿಯರೇ. ಅಕ್ಕನಿಗೆ ಏನಂತ ಉತ್ತರ ಕೊಡಲಿ ಕರ್ತನೇ ಅಂತ ಅತ್ತುಬಿಟ್ಟೆ.

ಕೆಳಗೆ ಒಂದು ಬಂಡೆ ಮೇಲೆ ಸುಮ್ಮನೆ ಕೂತಿದ್ರು. "ನೀವು ಹಿಂದೆ ತಿರುಗಿ ನೋಡ್ತೀರ, ಬಂದೇ ಬರ್ತೀರ ಅಂತ ಗೊತ್ತಿತ್ತು ಪಾಸ್ಟರ್" ಅಂದ್ರು. ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಈಗ ವಚನ ನೋಡಿ. ನಾನೂರು ಜನರ ಜೊತೆ ಬಂದ ಏಸಾವ, ಜೊತೆಗೇ ಹೋಗೋಣ ಬಾ ಅಂತಾನೆ. ಯಾಕೋಬ ಒಪ್ಪಲ್ಲ. ಮಕ್ಕಳು ಎಳೆಯರು, ಹಾಲೂಡಿಸೋ ಕುರಿ ದನ ಇವೆ, ಒಂದೇ ಒಂದು ದಿನ ಜೋರಾಗಿ ಅಟ್ಟಿದರೂ ಸತ್ತುಹೋಗ್ತವೆ ಅಂತಾನೆ. ಮೋಸಗಾರ ಅಂತ ಹೆಸರು ಹೊತ್ತ ಯಾಕೋಬ ಇವನೇ! ಹಿಂದಿನ ರಾತ್ರಿ ದೇವರ ಜೊತೆ ಹೋರಾಡಿ ತೊಡೆಯ ಕೀಲು ತಪ್ಪಿದೆ, ತಾನೇ ಕುಂಟ್ತಿದ್ದಾನೆ. ಕುಂಟೋನಿಗೆ ಮಂದೆಯ ಕಾಲು ಅರ್ಥವಾಗುತ್ತೆ. ನನಗೆ ಮೊಣಕಾಲು ಚೆನ್ನಾಗಿತ್ತು, ಅದೇ ತೊಂದರೆ.

ಇಳಿಯುವಾಗ ಹಿರಿಯಣ್ಣನನ್ನೇ ಮುಂದೆ ಬಿಟ್ವಿ. ಅವರು ನಿಂತರೆ ಎಲ್ಲರೂ ನಿಂತ್ವಿ. ಮೂರು ಗಂಟೆ ಹಿಡೀತು, ಹುಡುಗರು ದಾರಿಯುದ್ದಕ್ಕೂ ಹಾಡಿದ್ರು.

ಎಡಗಡೆ ಮೂರನೇ ಸಾಲಿನ ಕೊನೆ ಕುರ್ಚಿ ನೋಡಿ. ಎರಡು ತಿಂಗಳಿಂದ ಖಾಲಿ. ಆ ತಾಯಿ ಕೆಲಸ ಕಳೆದುಕೊಂಡ ಮೇಲೆ ಬಂದಿಲ್ಲ. ನಾನೂ ಫೋನ್ ಮಾಡಿಲ್ಲ. ಇವತ್ತು ಆರಾಧನೆ ಮುಗಿದ ಮೇಲೆ ಅವರ ಮನೆಗೆ ಹೋಗ್ತಿದ್ದೀನಿ, ಬರೋರು ಗೇಟ್ ಹತ್ತಿರ ನಿಲ್ಲಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.